ಕತ್ತಿಯ ಜೊತೆ ಬಟ್ಟೆಯೂ ಹೋಗಲಿ

ನಮ್ಮ ಕಾರ್ಗಲ್ಲಿನಿಂದ ಸಾಗರದ ಸರ್ಕಾರಿ ಆಸ್ಪತ್ರೆಗೆ ಸುಮಾರು 30 ಕಿಲೋಮೀಟರು. ಅಲ್ಲಿ ಆಗುವುದಿಲ್ಲ ಎಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಅದು ಮತ್ತೆ 70. ತೊಡೆಯ ದೊಡ್ಡ ರಕ್ತನಾಳ ಕಡಿದುಹೋದವನಿಗೆ ಉಳಿದಿರುವುದು ಕೆಲವೇ ನಿಮಿಷ. ದೊಡ್ಡವರ ಮೈಯಲ್ಲಿರುವ ರಕ್ತವೆಲ್ಲ ಸೇರಿ ಐದು ಲೀಟರಿನ ಆಜುಬಾಜು. ಅದರಲ್ಲಿ ಅರ್ಧ ಒಣ ಎಲೆಯ ದರಕಿನ ಮೇಲೆ ಹರಿದುಹೋದ ಮೇಲೆ ಆಂಬುಲೆನ್ಸ್ ಎಷ್ಟು ಜೋರಾಗಿ ಬಂದರೂ ಫಲ ಕಡಿಮೆ. ಆದ್ದರಿಂದ ನಮ್ಮ ಕಡೆ ರಕ್ತ ನಿಲ್ಲಿಸುವ ಕೆಲಸ ಆಸ್ಪತ್ರೆಯದ್ದಲ್ಲ, ಪಕ್ಕದಲ್ಲಿ ಸೊಪ್ಪು ಕಡಿಯುತ್ತಿದ್ದವನದ್ದು.

ತೋಟ, ಬೆಟ್ಟ ಎಂದು ಓಡಾಡಿಯೇ ತಲೆ ನರೆತವನು ನಾನು. ಡಾಕ್ಟರಲ್ಲ. ಡಾಕ್ಟರುಗಳನ್ನು ಕೇಳಿ ತಿಳಿದದ್ದು, ಕಣ್ಣಾರೆ ಕಂಡದ್ದು ಎರಡನ್ನೂ ಸೇರಿಸಿ, ಈಗ ಕತ್ತಿ ಮಿಷನ್ನು ಹಿಡಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಹೇಳುತ್ತಿದ್ದೇನೆ. ಮನೆಯಲ್ಲಿ ಒಬ್ಬರು ಓದಿ, ಉಳಿದವರನ್ನು ಕೂರಿಸಿಕೊಂಡು ಹೇಳಿ.

• ಗಾಯದ ಸಾಮಾನು ಮೈಮೇಲೆ ಇರಬೇಕು. ಮನೆಯ ಕಪಾಟಿನಲ್ಲೋ, ರಸ್ತೆಯಲ್ಲಿ ನಿಲ್ಲಿಸಿಬಂದ ಜೀಪಿನಲ್ಲೋ ಇದ್ದರೆ ಇಲ್ಲದಂತೆಯೇ. ಕತ್ತಿಕೊಕ್ಕೆ ಸೊಂಟಕ್ಕೆ ಕಟ್ಟಿಕೊಳ್ಳುವಾಗಲೇ ಒಂದು ಸಣ್ಣ ಚೀಲವೂ ಸೊಂಟಕ್ಕೆ ಬರಲಿ. ಅದರಲ್ಲಿ ಇಷ್ಟು ಸಾಕು: ನಾಲ್ಕೋ ಆರೋ ಇಂಚಿನ ಎರಡು ರೋಲ್ ಬ್ಯಾಂಡೇಜು, ಒಂದು ಕ್ರೇಪ್ ಬ್ಯಾಂಡೇಜು, ಪೊಟ್ಟಣ ಒಡೆಯದ ಗಾಜ್ ಬಟ್ಟೆ, ತೊಳೆದು ಒಣಗಿಸಿದ ಒಂದು ಹತ್ತಿ ಟವೆಲ್ಲು, ರಕ್ತ ತಡೆಯಲು ಕಡ್ಡಿ ತಿರುಗಿಸಿ ಬಿಗಿಯುವ ಪಟ್ಟಿ ಅಂದರೆ ಒಂದು ಟೂರ್ನಿಕೆಟ್, ಬಟ್ಟೆ ಕತ್ತರಿಸುವಂಥ ಗಟ್ಟಿ ಕತ್ತರಿ, ಒಂದು ಜೊತೆ ಗ್ಲೌಸು, ಒಂದು ಮಾರ್ಕರ್ ಪೆನ್ನು, ಒಂದು ಪೀಪಿ. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಡಿ, ನಮ್ಮ ಮಳೆಗೆ ಒದ್ದೆಯಾಗದ ಚೀಲ ಇಲ್ಲ. ಬಿಡಿ ಹತ್ತಿ ಬೇಡ. ಅದರ ಎಳೆ ಗಾಯಕ್ಕೆ ಅಂಟಿಕೊಂಡು ಆಮೇಲೆ ಡಾಕ್ಟರಿಗೂ ಕಷ್ಟ, ಗಾಯಾಳುವಿಗೂ ಕಷ್ಟ.

• ಒಬ್ಬರೇ ಬೆಟ್ಟಕ್ಕೆ ಹೋಗಬೇಡಿ. ಹೋಗಲೇಬೇಕಾದರೆ ಯಾವ ದಿಕ್ಕಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗಿ.

• ಏಟು ಎಲ್ಲಿಂದ ಬರುತ್ತದೆ ಎಂದು ಮೊದಲೇ ತಿಳಿದಿರಲಿ. ಸೊಪ್ಪು ಕಡಿಯುವಾಗ ಕತ್ತಿ ಕೊಂಬೆಗೆ ತಾಗದೆ ಜಾರಿದರೆ ಬಂದು ಬೀಳುವುದು ಎಡಗೈಯ ಮಣಿಕಟ್ಟಿಗೆ ಅಥವಾ ಮೊಣಕಾಲಿನ ಕೆಳಗೆ. ಕಳೆ ಹೊಡೆಯುವ ಮಿಷನ್ನಿನ ಬ್ಲೇಡು ಕಲ್ಲಿಗೆ ಬಡಿದು ಹಾರಿದರೆ ಹೊಡೆಯುವುದು ಪಕ್ಕದವನ ಕಾಲಿಗೆ. ಮಿಷನ್ ಓಡುತ್ತಿರುವಾಗ 15 ಮೀಟರಿನೊಳಗೆ ಯಾರೂ ಬರಬಾರದು. ಊಟಕ್ಕೆ ಕರೆಯಲು ಬಂದ ಮಕ್ಕಳೂ ಅಷ್ಟೇ, ದೂರದಿಂದಲೇ ಕೂಗಲಿ. ಮರ ಕೊಯ್ಯುವ ಮಿಷನ್ನಿನ ತುದಿಯನ್ನು ಮರಕ್ಕೆ ತಾಗಿಸಿದರೆ ಅದು ಹಿಂದಕ್ಕೆ ಚಿಮ್ಮುತ್ತದೆ. ಕುತ್ತಿಗೆ, ಭುಜ ಎರಡೂ ಅದರ ದಾರಿಯಲ್ಲೇ ಇರುತ್ತವೆ.

ಇನ್ನು ಅಡಿಕೆಮರ ಹತ್ತುವ ಕೊನೆಗೌಡರ ವಿಷಯ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಮಳೆಗಾಲದಲ್ಲಿ ಅಡಿಕೆಮರದ ಮೈ ಪಾಚಿಗಟ್ಟಿರುತ್ತದೆ, ಕೊಯ್ಲಿನ ದಿನಗಳಲ್ಲಿ ಬೆಳಗಿನ ಇಬ್ಬನಿಗೆ ಜಾರುತ್ತದೆ. ಅಷ್ಟು ಎತ್ತರದಿಂದ ಬಿದ್ದವನ ಸೊಂಟದಲ್ಲಿ ಹರಿತವಾದ ಕತ್ತಿಯೂ ಇದ್ದರೆ ಪೆಟ್ಟು ಎರಡಾಗುತ್ತದೆ. ಅಮೆರಿಕದಲ್ಲಿ ಬಿಲ್ಲು ಬಾಣ ಹಿಡಿದು ಜಿಂಕೆ ಬೇಟೆಯಾಡುವವರದ್ದೂ ಇದೇ ಕಥೆ. ಮರದ ಮೇಲಿನ ಅಟ್ಟಣೆಯಿಂದ ಬೀಳುವುದು, ಬ್ಲೇಡಿನಂಥ ಬಾಣದ ಮೊನೆ ತಮ್ಮದೇ ಮೈಗೆ ಹೊಗುವುದು. ಹಾಗಾಗಿ ಅಲ್ಲಿ ಬುದ್ಧಿವಂತರಾದವರು ಬತ್ತಳಿಕೆಯ ಜೊತೆ ಟೂರ್ನಿಕೆಟ್ಟನ್ನೂ ಒಯ್ಯುತ್ತಾರೆ. ನಮ್ಮ ಕೊನೆಗೌಡರಿಗೆ ಅದನ್ನು ತಂದುಕೊಡುವುದು ತೋಟದ ಯಜಮಾನರ ಕೆಲಸ. ಕೂಲಿ ಕೊಟ್ಟೆವಲ್ಲ ಎಂದು ಅಲ್ಲಿಗೆ ಬಿಟ್ಟುಬಿಡುವ ವಿಷಯ ಇದಲ್ಲ.

• ಶಿಕಾರಿ ಬೇಡ. ಬರ್ಕ, ಮೊಲ, ಹಂದಿ ಎಂದು ತಲೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ಹೊರಡುವ ಹುಡುಗರಿಗೆ ಬಿಡಿಸಿ ಹೇಳುತ್ತೇನೆ. ಕಾರ್ಗಲ್ಲಿನ ಸುತ್ತಲೂ ಇರುವುದು ಶರಾವತಿ ಅಭಯಾರಣ್ಯ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಶಿಕಾರಿ ಮಾಡುವುದು ಜೈಲಿಗೆ ಹೋಗುವ ಅಪರಾಧ. ಪೊದೆ ಅಲ್ಲಾಡಿತೆಂದು ಈಡು ಹೊಡೆದು ಜೊತೆಗಾರನನ್ನೇ ಕಳೆದುಕೊಂಡ ಸುದ್ದಿ ಮಲೆನಾಡಿಗೆ ಹೊಸದಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಆಮೇಲಿನದ್ದು: ಕೇಸಾಗುತ್ತದೆ ಎಂಬ ಹೆದರಿಕೆಗೆ ಗಾಯಾಳುವನ್ನು ಕಾಡಿನಲ್ಲೇ ಅಡಗಿಸಿಟ್ಟುಕೊಂಡು ರಾತ್ರಿ ಕಳೆಯುವುದು. ತಪ್ಪು ಯಾರದ್ದೇ ಇರಲಿ, ರಕ್ತ ಸುರಿಯುವವನನ್ನು ಮೊದಲು ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಲೆಕ್ಕಾಚಾರಕ್ಕೆ ಕಾಯದೆ ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಡಾಕ್ಟರುಗಳಿಗೆ ಹೇಳಿದೆ, ಸರ್ಕಾರಿ ಇರಲಿ ಖಾಸಗಿ ಇರಲಿ.

• ಗಾಯ ಆದ ಕೂಡಲೇ ಮೊದಲ ಕೆಲಸ, ಇನ್ನೊಂದು ಗಾಯ ಆಗದಂತೆ ನೋಡುವುದು. ಮಿಷನ್ ಆಫ್ ಮಾಡಿ. ಕತ್ತಿಯನ್ನು ಆಚೆ ಇಡಿ. ತಿವಿದ ಹಂದಿಯೋ ಕಾಟಿಯೋ ಇನ್ನೂ ಅಲ್ಲೇ ಸುಳಿಯುತ್ತಿದೆಯೇ ನೋಡಿ.

• ಯಾವ ರಕ್ತಕ್ಕೆ ಹೆದರಬೇಕು? ಚಿಮ್ಮುತ್ತಿದ್ದರೆ, ನಿಲ್ಲದೆ ಸುರಿಯುತ್ತಿದ್ದರೆ, ನೆಲದ ಮೇಲೆ ಮಡುಗಟ್ಟುತ್ತಿದ್ದರೆ, ಹಾಕಿದ ಬಟ್ಟೆ ನೋಡನೋಡುತ್ತಿದ್ದಂತೆ ತೊಯ್ದುಹೋದರೆ ಅದು ಜೀವಕ್ಕೆ ಸಂಚಕಾರ. ಗಾಯಾಳುವಿನ ಮಾತು ತೊದಲತೊಡಗಿದರೂ ಅಷ್ಟೇ. ಪ್ಯಾಂಟಿನ ಒಳಗೆ, ರೇನ್‌ಕೋಟಿನ ಒಳಗೆ ಹರಿದ ರಕ್ತ ಕಾಣುವುದೇ ಇಲ್ಲ. ಸಂಕೋಚ ಬಿಟ್ಟು ಬಟ್ಟೆ ಕತ್ತರಿಸಿ ನೋಡಿ. ಹೆಣ್ಣುಮಕ್ಕಳಾದರೆ ಸುತ್ತ ಒಂದು ಸೀರೆ ಹಿಡಿಯಿರಿ, ಆದರೆ ನೋಡದೆ ಬಿಡಬೇಡಿ.

• ಒತ್ತಿ. ಹೆಚ್ಚಿನ ರಕ್ತವೆಲ್ಲ ನಿಲ್ಲುವುದು ಇದರಿಂದಲೇ. ನೀರಾವರಿ ಪೈಪಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯುತ್ತೀರಲ್ಲ, ಹಾಗೆ ಹೊರಬರುವ ಜಾಗದ ಮೇಲೇ ಬಲ ಬೀಳಬೇಕು. ಗಾಯದ ಸುತ್ತ ಬಟ್ಟೆ ಸುತ್ತಿ ಕೂತರೆ ಪ್ರಯೋಜನ ಇಲ್ಲ. ಗಾಜ್ ಅಥವಾ ಟವೆಲ್ ಮಡಚಿ ಇಟ್ಟು, ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಬಗ್ಗಿಸದೆ ಮೈಭಾರ ಹಾಕಿ ಒತ್ತಿ. ಕನಿಷ್ಠ ಹತ್ತು ನಿಮಿಷ. ನಿಂತಿತೇ ಎಂದು ನಡುವೆ ನಡುವೆ ಎತ್ತಿ ನೋಡಬೇಡಿ, ಹೆಪ್ಪುಗಟ್ಟಿದ್ದು ಬಟ್ಟೆಯ ಜೊತೆಗೇ ಕಿತ್ತುಬರುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೇ ಇನ್ನೊಂದು ಹಾಕಿ, ಇನ್ನೂ ಬಲವಾಗಿ ಒತ್ತಿ. ಅವನು ನೋವಿಗೆ ಕೂಗುತ್ತಾನೆ, ಕೈ ತೆಗೆ ಎಂದು ಬೈಯುತ್ತಾನೆ. ಬೈಯಲಿ.

ಒಬ್ಬನೇ ಇದ್ದರೆ ಒತ್ತುತ್ತಲೇ ಫೋನು ಮಾಡಬೇಕು, ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ. ಹತ್ತು ನಿಮಿಷವಾದ ಮೇಲೆ ರಕ್ತ ಹಿಡಿತಕ್ಕೆ ಬಂದಿದ್ದರೆ ಬಟ್ಟೆಯನ್ನು ಅಲ್ಲೇ ಬಿಟ್ಟು ಮೇಲಿಂದ ಕ್ರೇಪ್ ಬ್ಯಾಂಡೇಜು ಬಿಗಿಯಾಗಿ ಸುತ್ತಿ.

• ತೊಡೆಸಂದು, ಕಂಕುಳು, ಭುಜದ ಬುಡದಲ್ಲಿ ಆಳವಾದ ಗಾಯವಾದರೆ ಬರೀ ಮೇಲಿಂದ ಒತ್ತಿದರೆ ಸಾಲದು. ಹಂದಿ ಕೋರೆ ಹಾಕಿದ ಗಾಯ ಸಾಮಾನ್ಯವಾಗಿ ತೊಡೆಯಲ್ಲೇ ಇರುತ್ತದೆ, ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಆಳ. ಇಂಥಲ್ಲಿ ಗಾಜ್ ಬಟ್ಟೆಯ ತುದಿಯನ್ನು ಬೆರಳಿನಿಂದ ರಕ್ತ ಉಕ್ಕುವ ತಳದವರೆಗೂ ಒತ್ತಿ ತುರುಕಬೇಕು. ಒಂದು ಬೆರಳು ಒತ್ತಿ ಹಿಡಿದಿರುವಾಗ ಇನ್ನೊಂದು ಕೈಯ ಬೆರಳು ಮುಂದಿನ ಮಡಿಕೆ ತಳ್ಳಬೇಕು. ಹೀಗೆ ಗಾಯ ತುಂಬಿ ಮೇಲಕ್ಕೆ ಬರುವವರೆಗೆ ತುಂಬಿಸಿ, ಆಮೇಲೆ ಎರಡೂ ಕೈಯಿಂದ ಒತ್ತಿ ಹಿಡಿಯಿರಿ. ಗಾಜ್ ಮುಗಿದರೆ ಟವೆಲ್ಲಿನ ಪಟ್ಟಿ ಹರಿದು ತುಂಬಿಸಿ. ಗಲೀಜಾಗುತ್ತದೆ ಎಂದು ಅಂಜಬೇಡಿ, ಸೋಂಕಿಗೆ ಆಮೇಲೆ ಔಷಧಿ ಇದೆ.

ಎದೆಗೋ ಹೊಟ್ಟೆಗೋ ಆದ ಗಾಯಕ್ಕೆ ಹೀಗೆ ತುರುಕಬಾರದು. ಕರುಳು ಹೊರಬಂದಿದ್ದರೆ ಒಳಕ್ಕೆ ತಳ್ಳದೆ, ಒದ್ದೆ ಮಾಡಿದ ಶುಭ್ರ ಬಟ್ಟೆ ಮುಚ್ಚಿ ಹೊರಡಿ.

• ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿದ್ದು, ಒತ್ತಿದರೂ ನಿಲ್ಲದಿದ್ದರೆ ಟೂರ್ನಿಕೆಟ್. ಇದರ ಬಗ್ಗೆ ನಮ್ಮಲ್ಲಿ ಹೆದರಿಕೆ ಬಹಳ. ಕಟ್ಟಿದರೆ ಕಾಲೇ ಹೋಗುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಸಾವಿರಾರು ಸೈನಿಕರಿಗೆ ಕಟ್ಟಿ ನೋಡಿದ ಮೇಲೆ ಡಾಕ್ಟರುಗಳ ಅಭಿಪ್ರಾಯ ಬದಲಾಗಿದೆ: ಎರಡು ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಕಟ್ಟಿದ ಕಾರಣಕ್ಕೆ ಕೈಕಾಲು ಹೋಗುವುದು ಬಲು ಅಪರೂಪ. ಕಾರ್ಗಲ್ಲಿನಿಂದ ಸಾಗರಕ್ಕೆ ಅಷ್ಟು ಹೊತ್ತು ಬೇಕಿಲ್ಲ.

ಗಾಯದಿಂದ ಎರಡು ಮೂರು ಇಂಚು ಮೇಲೆ, ಎದೆಯ ಕಡೆಗೆ ಕಟ್ಟಬೇಕು. ಮೊಣಕಾಲು ಮೊಣಕೈ ಕೀಲಿನ ಮೇಲೆ ಬೇಡ, ಅದಕ್ಕಿಂತ ಮೇಲೆ. ಗಾಯ ಎಲ್ಲಿದೆ ಎಂದೇ ತಿಳಿಯದಿದ್ದರೆ ತೊಡೆಯ ಅಥವಾ ತೋಳಿನ ತೀರಾ ಮೇಲ್ಭಾಗಕ್ಕೆ ಕಟ್ಟಿ. ಪಟ್ಟಿ ಎಳೆದು ಬಿಗಿ ಮಾಡಿ, ಕಡ್ಡಿ ತಿರುಗಿಸುತ್ತಾ ಹೋಗಿ, ರಕ್ತ ನಿಲ್ಲುವವರೆಗೆ. ಅರ್ಧ ಬಿಗಿ ಮಾಡಿ ಬಿಟ್ಟರೆ ಕಟ್ಟದಿದ್ದದ್ದಕ್ಕಿಂತ ಕಡೆ. ಹೃದಯಕ್ಕೆ ವಾಪಸು ಹೋಗುವ ರಕ್ತ ಮಾತ್ರ ತಡೆದು, ಬರುವುದು ಬರುತ್ತಲೇ ಇರುತ್ತದೆ, ಗಾಯ ಇನ್ನೂ ಜೋರಾಗಿ ಸುರಿಯುತ್ತದೆ. ಕಟ್ಟಿದ ಗಂಟೆಯನ್ನು ಮಾರ್ಕರಿನಲ್ಲಿ ಪಟ್ಟಿಯ ಮೇಲೋ ಗಾಯಾಳುವಿನ ಹಣೆಯ ಮೇಲೋ ಬರೆಯಿರಿ. ಕಟ್ಟಿದ ಜಾಗವನ್ನು ಕಂಬಳಿಯಿಂದ ಮರೆಮಾಡಬೇಡಿ, ಡಾಕ್ಟರಿಗೆ ಕಾಣಬೇಕು. ಹದಿನೈದು ನಿಮಿಷಕ್ಕೊಮ್ಮೆ ಸಡಿಲಿಸಬೇಕು ಎಂಬ ಹಳೆಯ ಮಾತು ತಪ್ಪು. ಒಮ್ಮೆ ಕಟ್ಟಿದ್ದನ್ನು ಬಿಚ್ಚುವುದು ಆಸ್ಪತ್ರೆಯವರೇ. ಸರಿಯಾಗಿ ಕಟ್ಟಿದರೆ ತುಂಬಾ ನೋಯುತ್ತದೆ. ಅದನ್ನು ಮೊದಲೇ ಅವನಿಗೆ ಹೇಳಿಬಿಡಿ.

ಕೈಯಲ್ಲಿ ಟೂರ್ನಿಕೆಟ್ ಇಲ್ಲವೆಂದರೆ ಪಂಚೆಯನ್ನು ಎರಡಿಂಚಿಗಿಂತ ಅಗಲಕ್ಕೆ ಮಡಚಿ ಸುತ್ತಿ, ಒಂದು ಗಂಟು ಹಾಕಿ, ಗಂಟಿನ ಮೇಲೆ ಒಂದು ಗಟ್ಟಿ ಕೋಲಿಟ್ಟು ಮತ್ತೊಂದು ಗಂಟು ಹಾಕಿ ತಿರುಗಿಸಿ, ನಿಂತ ಮೇಲೆ ಕೋಲಿನ ತುದಿಯನ್ನು ಇನ್ನೊಂದು ಪಟ್ಟಿಯಿಂದ ಕಟ್ಟಿ. ಕತ್ತಿಯ ಹಿಡಿಯಷ್ಟು ದಪ್ಪದ ಹಸಿಕೋಲು ಬೇಕು, ದರಕಿನಲ್ಲಿ ಬಿದ್ದ ಒಣಕಡ್ಡಿ ಎರಡೇ ಸುತ್ತಿಗೆ ಲಟ್ಟೆಂದು ಮುರಿಯುತ್ತದೆ. ಬಾಳೆಪಟ್ಟೆ, ನೈಲಾನ್ ಹಗ್ಗ, ಬೇಲಿತಂತಿ ಯಾವುದೂ ಬೇಡ, ಅವು ಚರ್ಮ ಕೊಯ್ಯುತ್ತವೆಯೇ ಹೊರತು ಒಳಗಿನ ರಕ್ತನಾಳ ಮುಚ್ಚುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗಲೂ ಅಗ್ಗದ ನಕಲಿ ಮಾಲಿಗೆ ಮರುಳಾಗಬೇಡಿ, ತಿರುಗಿಸುವ ಕಡ್ಡಿ ತುಂಡಾಗುತ್ತದೆ.

• ಹಾವು ಕಚ್ಚಿದರೆ ಮಾತ್ರ ಕಟ್ಟಲೇಬಾರದು. ಮೇಲಿನದ್ದೆಲ್ಲ ರಕ್ತಕ್ಕೆ, ವಿಷಕ್ಕಲ್ಲ. ಕೊಳಕುಮಂಡಲ ಕಚ್ಚಿದ ಕಾಲನ್ನು ಬಿಗಿದು ಕಟ್ಟಿದರೆ ವಿಷ ಒಂದೇ ಕಡೆ ನಿಂತು ಮಾಂಸ ಕೊಳೆಯುತ್ತದೆ. ಕೊಯ್ಯುವುದು, ಹೀರುವುದು ಬೇಡ. ಕಾಲು ಅಲುಗಾಡದಂತೆ ಒಂದು ಮರದ ಪಟ್ಟಿಗೆ ಬಿಗಿಯದೆ ಕಟ್ಟಿ, ನಡೆಸದೆ ಹೊತ್ತು ಒಯ್ಯಿರಿ.

• ಮೈಯೊಳಗೆ ಚುಚ್ಚಿ ನಿಂತದ್ದನ್ನು ಕೀಳಬೇಡಿ. ಸೊಪ್ಪು ಕಡಿದ ಗಿಡದ ಮೋಟು, ಬಿದಿರಿನ ಸಿಬಿರು, ಮುರಿದ ಕತ್ತಿಯ ತುದಿ, ಏನೇ ಇರಲಿ. ಎಷ್ಟೋ ಸಲ ರಕ್ತನಾಳದ ತೂತಿಗೆ ಅದೇ ಬಿರಡೆಯಾಗಿರುತ್ತದೆ. ಎರಡು ಕಡೆಯಿಂದ ಬಟ್ಟೆಯ ಸುರುಳಿ ಇಟ್ಟು, ಅಲ್ಲಾಡದಂತೆ ಕಟ್ಟಿ, ಹಾಗೇ ಕರೆದೊಯ್ಯಿರಿ. ಮೋಟು ನೆಲದಲ್ಲಿದ್ದರೆ ಬುಡದಲ್ಲಿ ಮೆಲ್ಲಗೆ ಕೊಯ್ಯಿರಿ, ಕಾಲನ್ನು ಎಳೆಯಬೇಡಿ.

• ಅರಿಶಿನ, ಕಾಫಿಪುಡಿ, ಸಕ್ಕರೆ, ಕವಳದ ಸುಣ್ಣ, ತಂಬಾಕು, ಜೇಡರಬಲೆ, ಮಣ್ಣು, ಇದಾವುದನ್ನೂ ಆಳವಾದ ಗಾಯಕ್ಕೆ ಹಾಕಬೇಡಿ. ಕಮ್ಯುನಿಸ್ಟ್ ಗಿಡದ ಎಲೆ ಹಿಸುಕಿ ಗೀರುಗಾಯಕ್ಕೆ ಹಿಂಡುವುದು ನಮ್ಮೂರಿನ ಪದ್ಧತಿ, ಸಣ್ಣ ಗಾಯ ಅದರಿಂದ ನಿಲ್ಲುವುದನ್ನು ನಾನೂ ಕಂಡಿದ್ದೇನೆ. ಆದರೆ ಚಿಮ್ಮುವ ರಕ್ತದ ಎದುರು ಎಲೆ ಹುಡುಕುತ್ತಾ ಬೆಟ್ಟ ಸುತ್ತಿದರೆ ಇರುವ ನಾಲ್ಕು ನಿಮಿಷವೂ ಕೈತಪ್ಪುತ್ತದೆ.

• ಬೆರಳು ತುಂಡಾದರೆ ಮೊದಲು ಕೈಯ ರಕ್ತ ನಿಲ್ಲಿಸಿ, ಆಮೇಲೆ ಬೆರಳು ಹುಡುಕಿ. ಅಡಿಕೆ ಸುಲಿಯುವ ಮಿಷನ್ನಿನಲ್ಲಿ, ಹುಲ್ಲು ಕತ್ತರಿಸುವ ಮಿಷನ್ನಿನಲ್ಲಿ ಹೀಗಾಗುತ್ತದೆ. ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ಬೆರಳಿಗೆ ಐಸು ನೇರವಾಗಿ ತಾಗಬಾರದು, ನೀರಿನಲ್ಲಿ ಮುಳುಗಿಸಲೂ ಬಾರದು.

• ಗಾಯಾಳುವನ್ನು ಬೆಚ್ಚಗಿಡಿ. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೇ ನಿಧಾನವಾಗುತ್ತದೆ. ಆಷಾಢದ ಮಳೆಯಲ್ಲಿ ಒದ್ದೆ ನೆಲದ ಮೇಲೆ ಮಲಗಿಸಿದವನಿಗೆ ನಿಂತ ರಕ್ತವೂ ಮತ್ತೆ ಸೋರಬಹುದು. ಅಡಿಗೊಂದು ಅಡಿಕೆಹಾಳೆಯನ್ನೋ ಪ್ಲಾಸ್ಟಿಕ್ಕನ್ನೋ ಹಾಸಿ, ಒದ್ದೆ ಅಂಗಿ ತೆಗೆದು, ಕಂಬಳಿ ಹೊದಿಸಿ. ಮುಖ ಬಿಳಿಚಿ, ತಣ್ಣನೆ ಬೆವರಿ, ನಾಡಿ ಓಡುತ್ತಿದ್ದರೆ ಮಲಗಿಸಿಯೇ ಇರಬೇಕು, ಎಬ್ಬಿಸಿ ಕೂರಿಸಬೇಡಿ. ನೀರು ಕೇಳುತ್ತಾನೆ, ಬಹಳ ಕೇಳುತ್ತಾನೆ. ತುಟಿ ಒದ್ದೆ ಮಾಡಿ, ಕುಡಿಸಬೇಡಿ. ಆಸ್ಪತ್ರೆಯಲ್ಲಿ ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಧೈರ್ಯಕ್ಕೆಂದು ಸಾರಾಯಿ ಕೊಡುವುದಂತೂ ಕೂಡದು.

• 108ಕ್ಕೆ ಫೋನು ಹೋಗಲಿ, ಇಲ್ಲವೇ 112ಕ್ಕೆ. ಕೋಗಾರ್ ಘಾಟಿಯ ಕಡೆ, ಹಿನ್ನೀರಿನ ಹಳ್ಳಿಗಳ ಕಡೆ ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ಗುರುತಿಟ್ಟುಕೊಳ್ಳಿ. ಯಾವ ಬಂಡೆಯ ಮೇಲೆ, ಯಾವ ತಿರುವಿನಲ್ಲಿ ಎಂದು ಮನೆಯ ಎಲ್ಲರಿಗೂ ಗೊತ್ತಿರಬೇಕು. ಒಬ್ಬ ಅಲ್ಲಿಗೆ ಓಡಲಿ, ಇನ್ನೊಬ್ಬ ಟಾರು ರಸ್ತೆಗೆ ಹೋಗಿ ನಿಲ್ಲಲಿ. ಆಂಬುಲೆನ್ಸ್ ದೂರವಿದ್ದರೆ ಊರಿನ ಜೀಪಿನಲ್ಲೇ ಹೊರಟು ದಾರಿಯಲ್ಲಿ ಸೇರಿಕೊಳ್ಳಿ, ಆದರೆ ಒತ್ತುವ ಕೈ ಜೀಪಿನಲ್ಲೂ ಒತ್ತುತ್ತಲೇ ಇರಬೇಕು. ಜೀಪು ಬಾರದ ಜಾಗದಿಂದ ಹೊತ್ತು ತರಲು ಎರಡು ಬಿದಿರಿಗೆ ಕಂಬಳಿ ಸುತ್ತಿದರೆ ಸಾಕು.

ಹಿನ್ನೀರಿನ ಆಚೆಯ ತುಮರಿ, ಕರೂರು ಹೋಬಳಿಯವರು ಪಟ್ಟ ಪಾಡು ನಮಗೆಲ್ಲ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ನೀರು ನಿಂತ ಮೇಲೆ, ಸಂಜೆ ಲಾಂಚು ನಿಂತಿತೆಂದರೆ ಆಚೆ ದಡದ ರೋಗಿ ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ದೂರದ ದಾರಿ ಸುತ್ತಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತು. ದೊಡ್ಡ ಉಪಕಾರವೇ ಆಯಿತು, ನನಗೆ ಅದರ ಸಂತೋಷ ಇನ್ನೂ ಇಳಿದಿಲ್ಲ. ಆದರೂ ಸೇತುವೆಯವರೆಗೆ ಬದುಕಿಸಿ ತರುವ ಕೆಲಸ ಮನೆಯವರ ಕೈಯಲ್ಲೇ ಉಳಿದಿದೆ.

• ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುವ ನನ್ನ ವಯಸ್ಸಿನವರು ತೋಟದಲ್ಲಿ ಕತ್ತಿ ಹಿಡಿಯುವುದನ್ನು ಬಿಟ್ಟಿಲ್ಲ. ಅವರಿಗೆ ಸಣ್ಣ ಗಾಯವೂ ಬೇಗ ನಿಲ್ಲುವುದಿಲ್ಲ. ಮಾತ್ರೆಯ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ, ಹತ್ತಕ್ಕೆ ಬದಲು ಇಪ್ಪತ್ತು ನಿಮಿಷ ಒತ್ತಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

• ಉಂಬಳ, ಅಂದರೆ ಜಿಗಣೆ, ಕಚ್ಚಿದ ಜಾಗ ಗಂಟೆಗಟ್ಟಲೆ ಜಿನುಗುತ್ತದೆ. ಅದರ ಜೊಲ್ಲಿನ ಗುಣ ಅದು, ಗಾಬರಿ ಬೇಡ.

• ಮಂಗನ ಕಾಯಿಲೆಯ ರಕ್ತ ಬೇರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಜ್ವರ 2019ರಲ್ಲಿ ಇಲ್ಲೇ ಪಕ್ಕದ ಅರಳಗೋಡಿನಲ್ಲಿ ಎಷ್ಟು ಮನೆಗಳಲ್ಲಿ ಅಳು ತಂದಿತು ಎಂಬುದನ್ನು ಮರೆಯಲಾಗದು. ಜ್ವರದ ಜೊತೆ ಮೂಗಿನಲ್ಲೋ ವಸಡಿನಲ್ಲೋ ರಕ್ತ ಬಂದರೆ ಅದು ಒತ್ತಿ ನಿಲ್ಲಿಸುವಂಥದ್ದಲ್ಲ, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನೋವಿನ ಮಾತ್ರೆಯೆಂದು ಆಸ್ಪಿರಿನ್ ನುಂಗಬಾರದು. ಬೇಸಿಗೆಯಲ್ಲಿ ಬೆಟ್ಟಕ್ಕೆ ಹೋಗುವಾಗ ಆ ಕಾಯಿಲೆ ಹರಡುವ ಉಣುಗಿಗೆಂದು ಎಣ್ಣೆ ಹಚ್ಚಿಕೊಳ್ಳುವುದನ್ನು ನಾವು ಕಲಿತೆವು. ಅಷ್ಟೇ ಸಲೀಸಾಗಿ ಗಾಯದ ಚೀಲ ಕಟ್ಟಿಕೊಳ್ಳುವುದನ್ನೂ ಕಲಿಯಬಹುದು.

• ರಕ್ತ ನಿಂತ ಮೇಲೂ ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಇಂಜೆಕ್ಷನ್ ಬೇಕು. ಹಂದಿ, ಮಂಗ, ನರಿ ಕಚ್ಚಿದ್ದಾದರೆ ರೇಬಿಸ್ ಲಸಿಕೆಯೂ, ಗಾಯದ ಸುತ್ತ ಕೊಡುವ ಇಂಜೆಕ್ಷನ್ನೂ ಬೇಕು; ರಕ್ತ ಹಿಡಿತಕ್ಕೆ ಬಂದ ಮೇಲೆ ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಬೆರಳು ಮಡಚಲು ಬರುವುದಿಲ್ಲ, ಪಾದ ಮರಗಟ್ಟಿದೆ ಎಂದರೆ ಒಳಗೆ ನರವೋ ಸ್ನಾಯುವೋ ತುಂಡಾಗಿರಬಹುದು. ಹೊಲಿಗೆ ಹಾಕುವವರಿಗೆ ಅದನ್ನು ಬಾಯಿಬಿಟ್ಟು ಹೇಳಿ.

• 18 ತುಂಬಿದ, 45 ಕಿಲೋಗಿಂತ ಹೆಚ್ಚು ತೂಕದ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಗುಂಪು ಯಾವುದೆಂದು ತಿಳಿದಿಟ್ಟುಕೊಂಡು ಊರಿನ ವಾಟ್ಸಾಪಿನಲ್ಲಿ ಹಾಕಿಡಿ.

• ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಕತ್ತಿ, ಕೊಡಲಿ, ಮಿಷನ್ನು ಎಲ್ಲ ತೊಳೆದು ಸಾಲಾಗಿ ಇಡುತ್ತೀರಲ್ಲ, ಅದರ ಪಕ್ಕದಲ್ಲೇ ಗಾಯದ ಚೀಲವನ್ನೂ ಬಿಚ್ಚಿಡಿ. ಗಾಜ್ ಪೊಟ್ಟಣದ ಮೇಲಿನ ದಿನಾಂಕ ನೋಡಿ, ಒದ್ದೆಯಾದದ್ದನ್ನು ಬದಲಿಸಿ. ಆಮೇಲೆ ಮನೆಯವರೆಲ್ಲ ಸೇರಿ ಒಬ್ಬರ ತೊಡೆಗೆ ಇನ್ನೊಬ್ಬರು ಟೂರ್ನಿಕೆಟ್ ಸುತ್ತಿ ನೋಡಿ, ಒಂದೆರಡು ಕ್ಷಣ ಬಿಗಿದು ಬಿಚ್ಚಿದರೆ ಸಾಕು. ತನ್ನ ಕಾಲಿಗೆ ತಾನೇ, ಒಂದೇ ಕೈಯಿಂದ ಕಟ್ಟಿಕೊಳ್ಳುವುದನ್ನೂ ಅಭ್ಯಾಸ ಮಾಡಿ. ಅಜ್ಜಿಯನ್ನೂ ಹೈಸ್ಕೂಲಿನ ಮಕ್ಕಳನ್ನೂ ಬಿಡಬೇಡಿ, ಗಂಡಸರೆಲ್ಲ ಬೆಟ್ಟಕ್ಕೆ ಹೋದ ದಿನ ಮನೆಯಂಗಳದಲ್ಲಿ ಗಾಯವಾದರೆ ಕಟ್ಟಬೇಕಾದವರು ಅವರೇ.